ಪಿನ್ನು ಒಂದಾಯ್ತು, ವೈರು ಒಂದಾಗಲಿಲ್ಲ

ಬೆಂಗಳೂರಿನ ವಿಜಯನಗರ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಹೋದರೆ ಒಂದು ಪುಟ್ಟ ಮೊಬೈಲ್ ಅಂಗಡಿ. ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವರು ಫುಟ್‌ಪಾತಿನಲ್ಲಿ ಕಾಯಬೇಕು. ಗೋಡೆಯ ಉದ್ದಕ್ಕೂ ಕೊಕ್ಕೆಗಳು, ಕೊಕ್ಕೆಗಳಲ್ಲಿ ತೂಗುವ ಕೇಬಲ್ ಪ್ಯಾಕೆಟ್‌ಗಳು, ಗಾಜಿನ ಕಪಾಟಿನೊಳಗೆ ಟೆಂಪರ್ಡ್ ಗ್ಲಾಸು, ಬ್ಯಾಕ್ ಕವರು, ಪವರ್ ಬ್ಯಾಂಕು. ಬಸವೇಶ್ವರನಗರದ ನಮ್ಮ ಮನೆಗೆ ಬೇಕಾದ ಚಾರ್ಜರ್, ಇಯರ್‌ಫೋನ್ ಎಲ್ಲವನ್ನೂ ನಾನು ಬಹಳ ವರ್ಷಗಳಿಂದ ತರುವುದು ಅಲ್ಲಿಂದಲೇ. ಚಾರ್ಜರ್ ಕೊಡಿ ಎಂದರೆ ಅಂಗಡಿಯವರು ಕೇಳುತ್ತಿದ್ದ ಮೊದಲ ಮಾತು, "ಯಾವ ಪಿನ್ನು ಸಾರ್?" ಈಚೆಗೆ ಹೋದಾಗ ಆ ಮಾತು ಬರಲಿಲ್ಲ. "ಎಷ್ಟು ವ್ಯಾಟಿಂದು ಬೇಕು ಸಾರ್?" ಎಂದರು.

ನನಗೆ ಉತ್ತರ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗನಿಗೂ ಗೊತ್ತಿರಲಿಲ್ಲ. "ಯಾವುದಾದ್ರೂ ಕೊಡಿ ಅಣ್ಣಾ, ಎಲ್ಲಾ ಸಿ ಟೈಪೇ ತಾನೆ" ಎಂದು ಅವನು ನೂರರ ನೋಟು ಚಾಚಿದ. ಹೆಚ್ಚುಕಡಿಮೆ ಎಲ್ಲ ಫೋನಿಗೂ ಒಂದೇ ಪಿನ್ನು ಬಂದದ್ದು ದೊಡ್ಡ ಗೆಲುವು. ಆದರೆ ಪಿನ್ನು ಒಂದಾದ ಮಾತ್ರಕ್ಕೆ ಎಲ್ಲ ವೈರೂ ಒಂದೇ ಎಂದು ನಾವು ನಂಬಿಬಿಟ್ಟಿದ್ದೇವೆ. ಈಗ ನಷ್ಟವಾಗುತ್ತಿರುವುದು ಆ ನಂಬಿಕೆಯಿಂದ.

ದಪ್ಪ ಪಿನ್, ಸಣ್ಣ ಪಿನ್

ನೋಕಿಯಾ 1100 ಬಂದದ್ದು 2003ರಲ್ಲಿ. ಅದರ ಚಾರ್ಜರಿನದು ಮೂರೂವರೆ ಮಿಲಿಮೀಟರಿನ ದಪ್ಪ ಪಿನ್ನು. ಕೆಲವೇ ವರ್ಷಗಳಲ್ಲಿ ಅದೇ ಕಂಪನಿ ಎರಡು ಮಿಲಿಮೀಟರಿನ ಸಣ್ಣ ಪಿನ್ನಿಗೆ ಹೊರಳಿತು. ಒಂದೇ ಮನೆಯಲ್ಲಿ ಅಪ್ಪನ ಫೋನಿಗೆ ದಪ್ಪ ಪಿನ್, ಮಗನ ಫೋನಿಗೆ ಸಣ್ಣ ಪಿನ್. ಸ್ಯಾಮ್ಸಂಗಿಗೆ ಚಪ್ಪಟೆ ಪಿನ್, ಸೋನಿ ಎರಿಕ್ಸನ್ನಿಗೆ ಅದರದ್ದೇ ಬೇರೆ, ಮೊಟೊರೊಲಾಗೆ ಮಿನಿ ಯುಎಸ್‌ಬಿ. ಮದುವೆ ಛತ್ರದಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ, "ಯಾರ ಹತ್ರಾದ್ರೂ ಸಣ್ಣ ಪಿನ್ ಇದೆಯಾ?" ಎಂದು ಕೇಳಿಕೊಂಡು ಓಡಾಡಿದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತದೆ. ಆಗಿನ ಚಾರ್ಜರಿನಲ್ಲಿ ತಲೆಯೂ ವೈರೂ ಬಿಡಿಸಲಾಗದಂತೆ ಕೂಡಿಕೊಂಡಿದ್ದವು. ಪಿನ್ನಿನ ಬುಡದಲ್ಲಿ ವೈರು ಕಡಿದರೆ ಸರಿಯಾಗಿದ್ದ ತಲೆಯೂ ಕಸಕ್ಕೆ ಹೋಗುತ್ತಿತ್ತು.

ಅಂಗಡಿಯವರ ಕಷ್ಟ ಇನ್ನೊಂದು ಬಗೆಯದು. ಯಾವ ಗಿರಾಕಿ ಯಾವ ಫೋನು ತರುತ್ತಾನೋ ಗೊತ್ತಿಲ್ಲ, ಎಲ್ಲ ಪಿನ್ನೂ ಇಟ್ಟಿರಬೇಕು. ಒಂದು ಮಾಡೆಲ್ಲಿನ ಮಾರಾಟ ನಿಂತಿತೋ, ಎಸ್‌ಪಿ ರಸ್ತೆಯಿಂದಲೋ ನ್ಯಾಷನಲ್ ಮಾರ್ಕೆಟ್ಟಿನಿಂದಲೋ ಹೋಲ್‌ಸೇಲ್‌ನಲ್ಲಿ ತಂದ ಡಜನ್‌ಗಟ್ಟಲೆ ಚಾರ್ಜರು ಕೊಕ್ಕೆಯಲ್ಲೇ ಧೂಳು ಹಿಡಿಯುತ್ತಿತ್ತು. ಹಾಕಿದ ದುಡ್ಡು ಅಲ್ಲೇ ಸತ್ತಂತೆ.

ಇದಕ್ಕೆ ಮೊದಲ ಪೆಟ್ಟು ಕೊಟ್ಟದ್ದು ಚೀನಾ. 2006ರ ಕೊನೆಯಲ್ಲಿ ಆ ದೇಶ ತಂದ ಮಾನದಂಡದ ಪ್ರಕಾರ ಮೊಬೈಲ್ ಚಾರ್ಜರಿನ ತಲೆಯಲ್ಲಿ ಯುಎಸ್‌ಬಿ ತೂತು ಇರಬೇಕಾಯಿತು. ತಲೆ ಬೇರೆ, ವೈರು ಬೇರೆ ಆದದ್ದು ಹೀಗೆ. 2009ರಲ್ಲಿ ಯುರೋಪಿನಲ್ಲಿ 14 ಕಂಪನಿಗಳು ಮೈಕ್ರೋ ಯುಎಸ್‌ಬಿಯನ್ನು ಸಾಮಾನ್ಯ ಪಿನ್ ಎಂದು ಒಪ್ಪಿ ಸಹಿ ಹಾಕಿದವು. ಆಗ ಅಲ್ಲಿ ಚಾಲ್ತಿಯಲ್ಲಿದ್ದ ಸುಮಾರು 30 ಬಗೆಯ ಚಾರ್ಜರುಗಳು ಮುಂದಿನ ವರ್ಷಗಳಲ್ಲಿ ಮೂರಕ್ಕೆ ಇಳಿದವು. ನಮ್ಮ ಅಂಗಡಿಗಳಲ್ಲಿ 'ಬಿ ಪಿನ್' ಎಂದೋ 'ವಿ8' ಎಂದೋ ಕರೆಯುತ್ತಿದ್ದುದು ಈ ಮೈಕ್ರೋ ಪಿನ್ನನ್ನೇ. ಒಂದೇ ಕಡೆಯಿಂದ ಹೋಗುವ ಪಿನ್ನು ಅದು. ಕತ್ತಲಲ್ಲಿ ತಿರುಗಾಮುರುಗಾ ತುರುಕಿ ಎಷ್ಟು ಫೋನುಗಳ ಬಾಯಿ ಸಡಿಲವಾಯಿತೋ ಲೆಕ್ಕವಿಲ್ಲ.

ಆಪಲ್ ಕಂಪನಿ ಮಾತ್ರ ತನ್ನದೇ ದಾರಿ ಹಿಡಿಯಿತು. 2003ರಿಂದ 30 ಪಿನ್ನಿನ ಅಗಲ ಕನೆಕ್ಟರ್, 2012ರ ಐಫೋನ್ 5ರಿಂದ ಲೈಟ್ನಿಂಗ್. ಬಿಡಿಭಾಗ ತಯಾರಿಸುವವರು ಆ ಕಂಪನಿಯ 'ಮೇಡ್ ಫಾರ್ ಐಫೋನ್' ಪರವಾನಗಿ ಪಡೆಯಬೇಕು, ಅದಕ್ಕೆ ಹಣ ಕಟ್ಟಬೇಕು. ಹಾಗಾಗಿ ಒರಿಜಿನಲ್ ವೈರು ದುಬಾರಿಯಾಯಿತು, ಅಗ್ಗದ ಕಾಪಿಗಳು ಹುಟ್ಟಿಕೊಂಡವು. ಕಾಪಿ ಚುಚ್ಚಿದರೆ ಈ ಬಿಡಿಭಾಗ ಹೊಂದುವುದಿಲ್ಲ ಎಂಬ ಸಂದೇಶ ಪರದೆಯ ಮೇಲೆ ಬರುತ್ತಿತ್ತು.

ಕೆಂಗೇರಿಯ ಹಳಿ ಹೇಳುವ ಮಾತು

ಈ ಪಿನ್ನಿನ ಕಥೆ ಓದುವಾಗಲೆಲ್ಲ ನನಗೆ ಕೆಂಗೇರಿ ರೈಲು ನಿಲ್ದಾಣ ನೆನಪಾಗುತ್ತದೆ. ಬೆಂಗಳೂರು–ಮೈಸೂರು ಮಾರ್ಗ ನೂರು ವರ್ಷಕ್ಕೂ ಹೆಚ್ಚು ಕಾಲ ಮೀಟರ್ ಗೇಜ್. ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಮದ್ರಾಸಿನಿಂದ ಬೆಂಗಳೂರಿಗೆ ಬರುತ್ತಿದ್ದ ಮಾರ್ಗವಾದರೋ 1,676 ಮಿಲಿಮೀಟರಿನ ಬ್ರಾಡ್ ಗೇಜ್. ಆ ಕಡೆಯಿಂದ ಬಂದ ಗೂಡ್ಸ್ ಬೋಗಿ ಮೈಸೂರಿನ ಕಡೆಗೆ ಉರುಳುವಂತಿರಲಿಲ್ಲ. ಮೂಟೆಗಳನ್ನು ಇಳಿಸಿ, ಇನ್ನೊಂದು ಬೋಗಿಗೆ ಏರಿಸಬೇಕಿತ್ತು. ಸಮಯ ಹಾಳು, ಕೂಲಿ ಹೆಚ್ಚು, ಸರಕು ಒಡೆದರೆ ವ್ಯಾಪಾರಿಯ ತಲೆಗೆ.

1992ರಲ್ಲಿ ರೈಲ್ವೆ ಇಲಾಖೆ ದೇಶಕ್ಕೆಲ್ಲ ಒಂದೇ ಅಳತೆಯ ಹಳಿ ಎಂಬ ಯೂನಿಗೇಜ್ ಯೋಜನೆ ಆರಂಭಿಸಿತು. ಕೆಂಗೇರಿಯ ಮೂಲಕ ಹಾಯುವ ಮೈಸೂರು ಮಾರ್ಗವೂ ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಮೀಟರ್ ಗೇಜಿನ ಎಂಜಿನ್ನು, ಬೋಗಿ, ಹಳಿಗಳು ಆ ಮಾರ್ಗಕ್ಕೆ ಬೇಡವಾದವು. ನಷ್ಟ ನಿಜವಾದದ್ದೇ. ಇಂದು ಮೈಸೂರಿನಲ್ಲಿ ಹತ್ತಿದವರು ಬೋಗಿ ಬದಲಿಸದೆ ಚೆನ್ನೈಯಲ್ಲಿ ಇಳಿಯುತ್ತಾರೆ. ಅಳತೆ ಒಂದಾಗುವ ಹೊತ್ತಿನಲ್ಲಿ ನೋವಾಗುತ್ತದೆ, ಆದ ಮೇಲೆ ಹಿಂದಕ್ಕೆ ಹೋಗುವ ಮನಸ್ಸು ಯಾರಿಗೂ ಬರುವುದಿಲ್ಲ. ಟೈಪ್-ಸಿ ಮಾಡಿದ್ದೂ ಇದನ್ನೇ.

ಸ್ಟ್ರಾಸ್‌ಬರ್ಗಿನಿಂದ ಪೀಣ್ಯದವರೆಗೆ

ಟೈಪ್-ಸಿಯ ವಿವರ ಪ್ರಕಟವಾದದ್ದು 2014ರ ಆಗಸ್ಟಿನಲ್ಲಿ. ಯಾವ ಕಡೆಯಿಂದ ಹಾಕಿದರೂ ಹೋಗುವ ಪಿನ್ನು. ಆಂಡ್ರಾಯ್ಡ್ ಫೋನುಗಳು ಒಂದೊಂದಾಗಿ ಅದಕ್ಕೆ ಬಂದವು. ಉಳಿದವರನ್ನು ತರಲು ಕಾನೂನೇ ಬೇಕಾಯಿತು. 2022ರ ಅಕ್ಟೋಬರ್ 4ರಂದು ಸ್ಟ್ರಾಸ್‌ಬರ್ಗಿನಲ್ಲಿ ಯುರೋಪಿಯನ್ ಸಂಸತ್ತು 602 ಮತಗಳಿಂದ ಸಾಮಾನ್ಯ ಚಾರ್ಜರ್ ಕಾನೂನನ್ನು ಅಂಗೀಕರಿಸಿತು. ವಿರೋಧಿಸಿದ್ದು 13 ಮತ ಮಾತ್ರ. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನು, ಟ್ಯಾಬ್ಲೆಟ್, ಕ್ಯಾಮೆರಾ, ಹೆಡ್‌ಫೋನುಗಳಿಗೆ ಟೈಪ್-ಸಿ ಕಡ್ಡಾಯವಾಯಿತು. ಲ್ಯಾಪ್‌ಟಾಪಿಗೆ ಕೊಟ್ಟ ಗಡುವು 2026ರ ಏಪ್ರಿಲ್ 28. ಬಳಸದೆ ಬಿದ್ದಿರುವ ಮತ್ತು ಎಸೆದ ಚಾರ್ಜರುಗಳಿಂದಲೇ ಯುರೋಪಿನಲ್ಲಿ ವರ್ಷಕ್ಕೆ ಸುಮಾರು 11,000 ಟನ್ ಕಸ ಹುಟ್ಟುತ್ತದೆ ಎಂಬ ಅಂದಾಜು ಈ ಕಾನೂನಿನ ಹಿಂದಿತ್ತು.

ನಮ್ಮಲ್ಲೂ ಕೆಲಸ ನಡೆಯಿತು. 2022ರ ಆಗಸ್ಟ್ ಮತ್ತು ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ತಯಾರಕರನ್ನು ಕರೆದು ಸಭೆ ನಡೆಸಿತು. ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪಿಗೆ ಟೈಪ್-ಸಿ, ಗುಂಡಿ ಒತ್ತುವ ಫೀಚರ್ ಫೋನಿಗೆ ಬೇರೆ ಎಂಬ ಒಮ್ಮತ ಮೂಡಿತು. 2023ರ ಜನವರಿಯಲ್ಲಿ ಭಾರತೀಯ ಮಾನಕ ಸಂಸ್ಥೆ, ಅಂದರೆ ಬಿಐಎಸ್, ಟೈಪ್-ಸಿ ತೂತು, ಪಿನ್ನು ಮತ್ತು ಕೇಬಲ್ಲಿಗೆ ಐಎಸ್/ಐಇಸಿ 62680-1-3 ಎಂಬ ಮಾನದಂಡವನ್ನು ಪ್ರಕಟಿಸಿತು. ಫೀಚರ್ ಫೋನನ್ನು ಹೊರಗಿಟ್ಟದ್ದು ಸರಿಯಾದ ತೀರ್ಮಾನ. ಹೂವು ಮಾರುವ ಅಜ್ಜಿಯ ಕೈಯಲ್ಲಿರುವ ಕಡಿಮೆ ಬೆಲೆಯ ಫೋನಿಗೆ ಹೊರೆ ಹೆಚ್ಚಿಸುವುದು ನ್ಯಾಯವಲ್ಲ.

ಈ ಬದಲಾವಣೆಯ ಒಂದು ಪುಟ ನಮ್ಮ ಪಶ್ಚಿಮ ಬೆಂಗಳೂರಿನ ಪಕ್ಕದಲ್ಲೇ ಇದೆ. ರಾಜಾಜಿನಗರದಲ್ಲಿ ಮೆಟ್ರೊ ಹತ್ತಿದರೆ ಐದನೇ ನಿಲ್ದಾಣ ಪೀಣ್ಯ. ಭಾರತದಲ್ಲಿ ಜೋಡಣೆಯಾದ ಮೊದಲ ಐಫೋನ್ 2017ರ ಮೇ ತಿಂಗಳಲ್ಲಿ ಹೊರಬಂದದ್ದು ಪೀಣ್ಯದ ವಿಸ್ಟ್ರಾನ್ ಘಟಕದಿಂದ. ಮಾಡೆಲ್ಲು ಐಫೋನ್ ಎಸ್‌ಇ, ಪಿನ್ನು ಲೈಟ್ನಿಂಗ್. ಮುಂದೆ ವಿಸ್ಟ್ರಾನ್ ಕೋಲಾರದ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಕಟ್ಟಿತು, 2023ರಲ್ಲಿ ಅದು ಟಾಟಾ ಸಮೂಹದ ಕೈಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 15ರಲ್ಲಿ ಲೈಟ್ನಿಂಗ್ ಇರಲಿಲ್ಲ, ಟೈಪ್-ಸಿ ಇತ್ತು. 2025ರ ಫೆಬ್ರುವರಿಯಲ್ಲಿ ಐಫೋನ್ 16ಇ ಬಂದಾಗ ಲೈಟ್ನಿಂಗ್ ಫೋನುಗಳು ಆಪಲ್ ಕಂಪನಿಯ ಮಾರಾಟಪಟ್ಟಿಯಿಂದಲೇ ಹೊರಬಿದ್ದವು. ಪೀಣ್ಯದಲ್ಲಿ ಜೋಡಿಸಿದ ಆ ಮೊದಲ ಫೋನಿನ ವೈರು ಇಂದಿನ ಯಾವ ಹೊಸ ಐಫೋನಿಗೂ ಹೋಗುವುದಿಲ್ಲ.

ಕೊಕ್ಕೆಗಳ ಮೇಲೆ ಏನಾಯಿತು

ವಿಜಯನಗರದ ಆ ಅಂಗಡಿಯ ಗೋಡೆಯನ್ನೇ ನೋಡಿ. ನಾಲ್ಕಾರು ಸಾಲು ಬೇರೆ ಬೇರೆ ಪಿನ್ನು ಇದ್ದ ಕಡೆ ಈಗ ಬಹುಪಾಲು ಟೈಪ್-ಸಿ. ಮೂಲೆಯಲ್ಲಿ ಒಂದಿಷ್ಟು ಮೈಕ್ರೋ, ಒಂದಿಷ್ಟು ಲೈಟ್ನಿಂಗ್. ಪವರ್ ಬ್ಯಾಂಕು ತುಂಬಿಸುವುದಕ್ಕೂ ಅದರಿಂದ ಫೋನು ತುಂಬಿಸುವುದಕ್ಕೂ ಈಗ ಒಂದೇ ತೂತು. ಟ್ರಿಮ್ಮರ್, ಬ್ಲೂಟೂತ್ ಸ್ಪೀಕರ್, ನೆಕ್‌ಬ್ಯಾಂಡ್, ಪುಟ್ಟ ಫ್ಯಾನ್, ಎಲ್ಲಕ್ಕೂ ಅದೇ. ಅಂಗಡಿಯವರ ದುಡ್ಡು ಮೊದಲಿನ ಹಾಗೆ ಹತ್ತು ಬಗೆಯ ಸ್ಟಾಕಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಮನೆಯಲ್ಲಿ ಅತ್ತೆ, ಸೊಸೆ, ಮೊಮ್ಮಗ ಮೂವರೂ ಒಂದೇ ವೈರನ್ನು ಸರದಿಯ ಮೇಲೆ ಬಳಸುತ್ತಾರೆ.

ಕಳೆದುಕೊಂಡವರೂ ಇದ್ದಾರೆ. ಲೈಟ್ನಿಂಗ್ ಡಾಕ್ ಇರುವ ಸ್ಪೀಕರು, ಕಾರಿನ ಕೇಬಲ್ಲು, ಕಾರ್ಡ್ ರೀಡರು ಕೊಂಡವರಿಗೆ ಫೋನು ಬದಲಿಸಿದ ದಿನ ಅವೆಲ್ಲ ನಿರುಪಯೋಗಿ, ಅಥವಾ ನಡುವೆ ಒಂದು ಕನ್ವರ್ಟರ್ ಬೇಕು. 2016ರಲ್ಲಿ ಐಫೋನ್ 7 ಬಂದ ಮೇಲೆ ಹೆಡ್‌ಸೆಟ್ಟಿನ ಗುಂಡು ತೂತು ಒಂದೊಂದೇ ಫೋನಿನಿಂದ ಮಾಯವಾಯಿತು. ಟೈಪ್-ಸಿ ಹೆಡ್‌ಸೆಟ್ ಕೊಂಡವರಿಗೂ ನೆಮ್ಮದಿಯಿಲ್ಲ. ಕೆಲವು ಫೋನುಗಳು ಆ ತೂತಿನಿಂದ ನೇರ ಧ್ವನಿಯನ್ನೇ ಕಳಿಸುತ್ತವೆ, ಕೆಲವು ಬರೀ ಡಿಜಿಟಲ್ ದತ್ತಾಂಶ ಕಳಿಸುತ್ತವೆ. ಎರಡನೇ ಬಗೆಯ ಫೋನಿಗೆ ಒಳಗೆ ಚಿಪ್ ಇರುವ ಹೆಡ್‌ಸೆಟ್ಟೋ ಕನ್ವರ್ಟರೋ ಬೇಕು. ಪಿನ್ನು ಸಲೀಸಾಗಿ ಒಳಗೆ ಹೋಗುತ್ತದೆ, ಕಿವಿಗೆ ಏನೂ ಕೇಳಿಸುವುದಿಲ್ಲ.

ವೈರಿನ ಒಳಗಿನ ಮಾತುಕತೆ

ನಮ್ಮ ಮನೆಯಲ್ಲೇ ನಡೆದದ್ದು. ಮಗಳಿಗೆಂದು ಕಡಿಮೆ ಬೆಲೆಯ ಒಂದು ನೆಕ್‌ಬ್ಯಾಂಡ್ ತಂದೆ. ಟೈಪ್-ಸಿ ತೂತು. ಎರಡೂ ತುದಿಯಲ್ಲಿ ಸಿ ಪಿನ್ನಿರುವ ಒಳ್ಳೆಯ ಕೇಬಲ್ಲಿನಿಂದ, ಲ್ಯಾಪ್‌ಟಾಪಿನ ಒಳ್ಳೆಯ ಅಡಾಪ್ಟರಿಗೆ ಚುಚ್ಚಿದರೆ ದೀಪವೇ ಹತ್ತಲಿಲ್ಲ. ಕೆಟ್ಟು ಹೋಗಿದೆ ಎಂದುಕೊಂಡು ಅಂಗಡಿಗೆ ಒಯ್ದೆ. ಅವರು ಅದನ್ನು ತಿರುಗಿಸಿ ನೋಡಿ, ಕೆಳಗಿನ ಡಬ್ಬಿಯಿಂದ ಹಳೆಯ ಚೌಕ ತಲೆಯ ಚಾರ್ಜರು ಮತ್ತು ಅದಕ್ಕೆ ಹೊಂದುವ ಕೇಬಲ್ ತೆಗೆದು ಚುಚ್ಚಿದರು. ಕೆಂಪು ದೀಪ ಹತ್ತಿತು. "ಇಂಥವು ಇದರಲ್ಲಿ ಮಾತ್ರ ಆಗೋದು ಸಾರ್, ಕೆಟ್ಟಿಲ್ಲ."

ಯಾಕೆ ಹೀಗೆ? ಟೈಪ್-ಸಿ ಪಿನ್ನಿನೊಳಗೆ 24 ಸಂಪರ್ಕ ಬಿಂದುಗಳಿವೆ. ಅದರಲ್ಲಿ ಸಿಸಿ ಎಂಬ ತಂತಿಯ ಕೆಲಸ ಮಾತುಕತೆ. ಚಾರ್ಜ್ ಬೇಕಾದ ಸಾಧನದೊಳಗೆ 5.1 ಕಿಲೋ ಓಮಿನ ಪುಟ್ಟ ರೆಸಿಸ್ಟರ್ ಇರಬೇಕು. ಟೈಪ್-ಸಿ ಅಡಾಪ್ಟರ್ ಆ ಗುರುತು ಕಾಣುವವರೆಗೆ ವಿದ್ಯುತ್ತನ್ನೇ ಬಿಡುವುದಿಲ್ಲ. ಸುರಕ್ಷತೆಗೆಂದೇ ಹಾಗೆ ಮಾಡಿದ್ದಾರೆ. ಹಳೆಯ ಚೌಕ ತಲೆಗೆ ಆ ನಿಯಮವಿಲ್ಲ, ಅದು ಯಾವಾಗಲೂ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಪೈಸೆಗಳ ಲೆಕ್ಕದ ಒಂದು ರೆಸಿಸ್ಟರ್ ಉಳಿಸಲು ಹೋದ ತಯಾರಕ, ಹೊರಗೆ ಟೈಪ್-ಸಿ ಮುಖ ಹಚ್ಚಿ ಒಳಗೆ ಹಳೆಯ ಸಾಮಾನನ್ನೇ ಕೊಟ್ಟಿದ್ದ.

ವೇಗದ ಚಾರ್ಜಿಂಗಿನಲ್ಲೂ ಇದೇ ಮಾತುಕತೆ. ಫೋನು ಮತ್ತು ಅಡಾಪ್ಟರು ಮೊದಲು 5 ವೋಲ್ಟಿನಲ್ಲಿ ಪರಿಚಯ ಮಾಡಿಕೊಂಡು, ನಿನಗೆಷ್ಟು ಬೇಕು, ನನ್ನಲ್ಲೆಷ್ಟಿದೆ ಎಂದು ಒಪ್ಪಂದಕ್ಕೆ ಬಂದ ಮೇಲೆಯೇ 9 ವೋಲ್ಟಿಗೋ 20 ವೋಲ್ಟಿಗೋ ಏರುತ್ತವೆ. ಪವರ್ ಡೆಲಿವರಿ ಎಂಬ ಈ ಪದ್ಧತಿ 2021ರಿಂದ 240 ವ್ಯಾಟ್‌ವರೆಗೆ ಹೋಗಬಲ್ಲದು. ಇದರ ಜೊತೆಗೆ ಕೆಲವು ಫೋನ್ ಕಂಪನಿಗಳಿಗೆ ತಮ್ಮದೇ ವೇಗದ ಪದ್ಧತಿಗಳಿವೆ. ಆ ಫೋನಿಗೆ ಬೇರೆಯವರ ಅಡಾಪ್ಟರು ಹಾಕಿದರೆ ಚಾರ್ಜ್ ಆಗುತ್ತದೆ, ಡಬ್ಬಿಯ ಮೇಲೆ ಬರೆದ ವೇಗದಲ್ಲಿ ಅಲ್ಲ.

ಅಂಗಡಿಯವರು ನನಗೆ ಇನ್ನೊಂದನ್ನು ಮಾಡಿ ತೋರಿಸಿದರು. ವೇಗದ ಚಾರ್ಜಿಂಗ್ ಇರುವ ಚೌಕ ತಲೆಯ ಅಡಾಪ್ಟರಿಗೂ ಕೇಬಲ್ಲಿಗೂ ನಡುವೆ ಬೆರಳಷ್ಟು ಉದ್ದದ ಮೀಟರ್ ಸಿಕ್ಕಿಸಿದರು. ಅದೇ ಅಡಾಪ್ಟರು, ಅದೇ ಫೋನು, ಕೇಬಲ್ ಮಾತ್ರ ಎರಡು. ಮೊದಲನೆಯದರಲ್ಲಿ ಮೀಟರು 9 ವೋಲ್ಟ್, 2 ಆಂಪ್ ತೋರಿಸಿತು, ಅಂದರೆ 18 ವ್ಯಾಟ್. ಎರಡನೆಯದರಲ್ಲಿ 5 ವೋಲ್ಟ್, 1 ಆಂಪಿನ ಆಸುಪಾಸು. ಅದರೊಳಗೆ ಸಂದೇಶ ಸಾಗಿಸುವ ತಂತಿಗಳೇ ಇಲ್ಲ, ಬರೀ ಎರಡು ತಂತಿ. ಮಾತುಕತೆಯೇ ನಡೆಯದಿದ್ದಾಗ ಅಡಾಪ್ಟರು ಏರುವುದಾದರೂ ಹೇಗೆ? ಹೊರಗೆ ಎರಡೂ ಬಿಳಿ, ಫೋನಿನ ತುದಿಯಲ್ಲಿ ಎರಡೂ ಟೈಪ್-ಸಿ. ನೂರರ ನೋಟು ಚಾಚಿದ ಆ ಹುಡುಗ ಯಾವುದನ್ನು ಒಯ್ದಿದ್ದನೋ ಎಂದು ನನಗೆ ಮರುಕವಾಯಿತು.

ತಂತಿ ತೆಳುವಾದರೆ ಬಿಸಿಯೂ ಹೆಚ್ಚು. ಕೇಬಲ್ಲಿನ ಒಟ್ಟು ರೋಧ 0.2 ಓಮ್ ಇದ್ದು 3 ಆಂಪ್ ಹರಿದರೆ 1.8 ವ್ಯಾಟ್ ವೈರಿನಲ್ಲೇ ಶಾಖವಾಗುತ್ತದೆ. ಅದನ್ನು ದಿಂಬಿನ ಕೆಳಗಿಟ್ಟು ಮಲಗುವ ಮಕ್ಕಳಿದ್ದಾರೆ. ತಪ್ಪು ಕೇಬಲ್ ಎಂಥ ಹಾನಿ ಮಾಡಬಹುದೆಂದು ಜಗತ್ತಿಗೆ ತೋರಿಸಿದವರು ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲ್ಯುಂಗ್. 2015ರಿಂದ ಅವರು ಆನ್‌ಲೈನಿನಲ್ಲಿ ಮಾರಾಟವಾಗುತ್ತಿದ್ದ ಟೈಪ್-ಸಿ ಕೇಬಲ್ಲುಗಳನ್ನು ಒಂದೊಂದಾಗಿ ಕೊಂಡು ಪರೀಕ್ಷಿಸಿದರು. 2016ರ ಆರಂಭದಲ್ಲಿ, ಒಳಗೆ ತಂತಿಗಳನ್ನು ಅದಲುಬದಲು ಜೋಡಿಸಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಹಾಳು ಮಾಡಿತು. ಅದಾದ ಕೆಲವೇ ವಾರಗಳಲ್ಲಿ ಅಮೆಜಾನ್ ಮಾನದಂಡಕ್ಕೆ ಹೊಂದದ ಟೈಪ್-ಸಿ ಕೇಬಲ್ಲುಗಳ ಮಾರಾಟವನ್ನು ನಿಷೇಧಿಸಿತು. ಒಬ್ಬ ಮನುಷ್ಯ ತಾಳ್ಮೆಯಿಂದ ಕೂತು ಮಾಡಿದ ಕೆಲಸ ಅದು.

ಡ್ರಾಯರ್ ತೆರೆಯುವ ಹೊತ್ತು

ಇಷ್ಟೆಲ್ಲ ತಿಳಿದ ಮೇಲೆ ನಮ್ಮ ಮನೆಯ ಟಿವಿ ಕೆಳಗಿನ ಡ್ರಾಯರ್ ಎಳೆದೆ. ಜಡೆಯಂತೆ ಹೆಣೆದುಕೊಂಡ ವೈರುಗಳ ಗಂಟು. ಬಿಡಿಸಿ ಎಣಿಸಿದೆ: 23. ದಪ್ಪ ಪಿನ್ ಒಂದು, ಸಣ್ಣ ಪಿನ್ ಮೂರು, ಮೈಕ್ರೋ ಹನ್ನೊಂದು, ಲೈಟ್ನಿಂಗ್ ಎರಡು, ಉಳಿದವು ಟೈಪ್-ಸಿ. ಮೈಕ್ರೋ ವೈರುಗಳಲ್ಲಿ ಎರಡನ್ನು ಅಮ್ಮನ ಗುಂಡಿ ಫೋನಿಗೆಂದು ಎತ್ತಿಟ್ಟೆ. ಮಿಕ್ಕ ಹಳೆಯವು ಇನ್ನು ಯಾವ ಕೆಲಸಕ್ಕೂ ಬಾರವು.

ಇವುಗಳ ಒಳಗೆ ತಾಮ್ರವಿದೆ, ಹೊರಗೆ ಪಿವಿಸಿ. ಹಸಿ ಕಸದ ಬುಟ್ಟಿಗೆ ಹಾಕಿದರೆ ಅವು ಎಲ್ಲಿಗೋ ಹೋಗುತ್ತವೆ. ತಾಮ್ರಕ್ಕೆ ಬೆಲೆ ಇರುವುದರಿಂದ ಯಾರೋ ಬಡವರು ಅವನ್ನು ರಾಶಿ ಹಾಕಿ ಸುಡುತ್ತಾರೆ. ಪಿವಿಸಿ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷವಿರುತ್ತದೆ. ಅದು ಮೊದಲು ಸೇರುವುದು ಸುಡುವವರ ಎದೆಗೆ, ಆಮೇಲೆ ಸುತ್ತಲಿನವರ ಮನೆಗೆ. ಸರಿಯಾದ ದಾರಿ ನಮಗೆ ದೂರವೇನಲ್ಲ. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆ 2005ರಲ್ಲೇ ಇ-ತ್ಯಾಜ್ಯದ ಸಂಸ್ಕರಣೆ ಆರಂಭಿಸಿತು, ದೇಶದಲ್ಲಿ ಈ ಕೆಲಸಕ್ಕೆ ಮೊದಲು ಇಳಿದ ಅಧಿಕೃತ ಘಟಕಗಳಲ್ಲಿ ಅದೊಂದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹಳೆಯ ಸಾಧನಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನಮ್ಮ ಪಾಲಿನ ಕೆಲಸವೆಂದರೆ ವೈರುಗಳನ್ನು ಹಸಿ ಕಸಕ್ಕೆ ಸೇರಿಸದೆ, ಬೇರೆ ಚೀಲದಲ್ಲಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡುವುದು.

ಆಗಬೇಕಾದದ್ದು

ಒಂದೇ ಪಿನ್ನಿನ ಉದ್ದೇಶ ಕಸ ಕಡಿಮೆಯಾಗುವುದು, ಜನರ ಖರ್ಚು ಉಳಿಯುವುದು. ಆರು ತಿಂಗಳಿಗೊಮ್ಮೆ ಬುಡ ಬಿಡುವ ಕಳಪೆ ಕೇಬಲ್ಲನ್ನು ವರ್ಷಕ್ಕೆ ಎರಡು ಸಲ ಕೊಂಡರೆ ಎರಡೂ ಆಗುವುದಿಲ್ಲ. ಹಿಂದೆ ತಪ್ಪು ಪಿನ್ನು ಕೊಂಡರೆ ಅದು ತೂತಿಗೇ ಹೋಗುತ್ತಿರಲಿಲ್ಲ, ಅಂಗಡಿಯಲ್ಲೇ ತಪ್ಪು ತಿಳಿಯುತ್ತಿತ್ತು. ಈಗ ತಪ್ಪು ವೈರೂ ಸಲೀಸಾಗಿ ಒಳಗೆ ಹೋಗುತ್ತದೆ. ಆದ್ದರಿಂದ ವೈರಿನ ಮೇಲೆ ಅದರ ಶಕ್ತಿ ಬರೆದಿರಲೇಬೇಕು. ಯುಎಸ್‌ಬಿ ಒಕ್ಕೂಟ 2021ರಲ್ಲೇ 60 ವ್ಯಾಟ್, 240 ವ್ಯಾಟ್ ಎಂದು ಕೇಬಲ್ಲಿಗೆ ಹಾಕುವ ಗುರುತುಗಳನ್ನು ರೂಪಿಸಿದೆ. ನಮ್ಮ ದೇಶದಲ್ಲಿ ಮಾರುವ ಪ್ರತಿ ಟೈಪ್-ಸಿ ಕೇಬಲ್ಲಿನ ಮೇಲೂ ಅಂಥ ಗುರುತು ಕಡ್ಡಾಯವಾಗಬೇಕು, ಕನ್ನಡದಲ್ಲೂ ಇರಬೇಕು. ಗೋಡೆಯ ಪ್ಲಗ್ಗಿನಲ್ಲಿ ಆರು ಆಂಪು, ಹದಿನಾರು ಆಂಪು ಎಂದು ನಮ್ಮ ಎಲೆಕ್ಟ್ರಿಷಿಯನ್ನರು ಎಷ್ಟು ಸಹಜವಾಗಿ ಹೇಳುತ್ತಾರೋ, ವೈರಿನ ವ್ಯಾಟೂ ಅಷ್ಟೇ ಸಹಜವಾದ ಮಾತಾಗಬೇಕು.

ಅಲ್ಲಿಯವರೆಗೆ ಕೊಳ್ಳುವವರು ಮೂರು ಕೆಲಸ ಮಾಡಬಹುದು. ನಿಮ್ಮ ಫೋನಿನ ಡಬ್ಬಿಯ ಮೇಲೆ ಎಷ್ಟು ವ್ಯಾಟ್ ಎಂದು ಬರೆದಿದೆಯೋ ಓದಿಕೊಂಡು ಹೋಗಿ. ಕೇಬಲ್ ಕೊಳ್ಳುವಾಗ, ಎಷ್ಟು ವ್ಯಾಟಿಂದು, ಡಾಟಾ ಹೋಗುತ್ತಾ ಎಂದು ಕೇಳಿ. ಮೀಟರ್ ಹಾಕಿ ತೋರಿಸಿ ಎನ್ನಲು ಸಂಕೋಚ ಬೇಡ. ಅಡಾಪ್ಟರಿನ ಮೇಲೆ ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ನಿಜವೋ ಸುಳ್ಳೋ ಅಲ್ಲೇ ತಿಳಿಯುತ್ತದೆ.

ಮೊನ್ನೆ ನಾನು ಕೊಂಡದ್ದು ಒಂದೇ ಒಂದು 60 ವ್ಯಾಟಿನ ಕೇಬಲ್. ಮನೆಯ ಮೂರು ಫೋನು, ಒಂದು ಲ್ಯಾಪ್‌ಟಾಪು, ಒಂದು ಪವರ್ ಬ್ಯಾಂಕು ಅದರಲ್ಲೇ ನಡೆಯುತ್ತಿವೆ.